ಕೆಂಪು ಲೇಬಲ್ಲಿನ ಸಸಿಗಳು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಇಲ್ಲಿ ನಾನು ಕ್ಷೇಮ. ಉಳುಕಿದ್ದ ಕಾಲು ಪೂರ್ತಿ ವಾಸಿಯಾಗಿದೆ. ಊಟ ಹೊತ್ತಿಗೆ ಸರಿಯಾಗಿ ನಡೆಯುತ್ತಿದೆ. ಈ ಮೂರನ್ನು ಮೊದಲೇ ಬರೆದರೆ ಉಳಿದದ್ದನ್ನು ನೀನು ಸಮಾಧಾನವಾಗಿ ಓದುತ್ತೀಯ ಎಂದು ಮೊದಲೇ ಬರೆದಿದ್ದೇನೆ. ಐದು ತಿಂಗಳಿಂದ ಫೋನಿನಲ್ಲಿ ನಮ್ಮ ಮಾತು ಈ ಮೂರರ ಆಚೆಗೆ ಹೋಗಿಯೇ ಇಲ್ಲ. ನಾನು "ಹೂಂ" ಅನ್ನುವಷ್ಟರಲ್ಲಿ ಫೋನು ಅಕ್ಕನ ಕೈಗೆ ದಾಟಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನೀನು ಬೇರೆಯವರ ಕೈಗೆ ಕೊಡುವವಳಲ್ಲ, ಸಾಲಿನ ಕೆಳಗೆ ಬೆರಳಿಟ್ಟು ನೀನೇ ಓದುತ್ತೀಯ.

ಮೊನ್ನೆ ಅಕ್ಕ ಒಂದು ವಿಷಯ ಹೇಳಿದಳು. ನಮ್ಮ ನರ್ಸರಿಯಲ್ಲಿ ಈ ಸಲ ಟೊಮೆಟೊ ಸಸಿಗಳು ಉದ್ದುದ್ದ ಬೆಳೆದು ಒಂದರ ಮೈಮೇಲೊಂದು ಬಿದ್ದಿವೆಯಂತೆ. ಪ್ರತಿ ಸಲ ನಲವತ್ತು ಟ್ರೇ ಒಯ್ಯುವ ವ್ಯಾನಿನವರು ಹತ್ತು ಟ್ರೇ ಮಾತ್ರ ಎತ್ತಿಕೊಂಡು, "ಏನಮ್ಮಾ, ಈ ಸಲ ಸಸಿ ಕೊಡ್ತಿದೀರೋ ದಾರ ಕೊಡ್ತಿದೀರೋ" ಎಂದರಂತೆ. ಅಕ್ಕ ಕಾರಣ ಕೇಳಿದ್ದಕ್ಕೆ ನೀನು, "ನನ್ನ ಕೈ ಸರಿಯಿಲ್ಲ, ಮುಟ್ಟೋದು ಬಿಟ್ಟಿದೀನಿ" ಎಂದೆಯಂತೆ.

ಇಪ್ಪತ್ತೆಂಟು ವರ್ಷ ಬೆಳಿಗ್ಗೆ ಸಸಿಗಳ ತಲೆ ಸವರದೆ ಬಾಯಿಗೆ ನೀರು ಹಾಕದವಳು ನೀನು. ನಿನ್ನ ಕೈಗುಣವನ್ನು ಹೊಗಳಿಕೊಂಡು ದೂರದಿಂದ ಜನ ಬರುತ್ತಿದ್ದರು. ಈಗ ಕೈ ಸರಿಯಿಲ್ಲ ಎಂಬ ಮಾತು ಎಲ್ಲಿಂದ ಬಂತು ಎಂದು ಅಕ್ಕನಿಗೆ ತಿಳಿಯದು. ನನಗೆ ತಿಳಿದಿದೆ. ಅದನ್ನು ನಿನ್ನ ತಲೆಗೆ ತುಂಬಿದವಳು ನಾನೇ. ಅದನ್ನು ಅಲ್ಲಿಂದ ತೆಗೆಯುವುದಕ್ಕೇ ಈ ಕಾಗದ.

ಕಳೆದ ವರ್ಷ ನನ್ನ ಕಾಲು ಉಳುಕಿದ್ದಾಗ ನೀನು ಇಲ್ಲಿಗೆ ಬಂದು ಇಪ್ಪತ್ತಮೂರು ದಿನ ಇದ್ದೆ. ಈ ಒಂದೂವರೆ ಕೋಣೆಯ ಮನೆಯಲ್ಲಿ ನಿನಗೆ ಮಾಡಲು ಕೆಲಸ ಸಾಲದೆ, ನನ್ನ ಪುಸ್ತಕಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟೆ. ನನಗೆ ಬೇಕಾದ ಪುಸ್ತಕ ಇವತ್ತಿಗೂ ಸಿಗುವುದಿಲ್ಲ, ಆದರೆ ಕಪಾಟು ನೋಡಲು ಚೆನ್ನಾಗಿದೆ. ಬೆಳಿಗ್ಗೆ ನನ್ನ ತೋಳು ಹಿಡಿದುಕೊಂಡು ಸಂಶೋಧನಾಲಯದ ತನಕ ನಡೆಸುತ್ತಿದ್ದೆ. ನಾನು ಗಾಜಿನ ಮನೆಯ ಹೊರಗಿನ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ನೀನು ಒಳಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದೆ.

ಮೊದಲ ದಿನ ನಿನ್ನನ್ನು ಲ್ಯಾಬಿನ ಒಳಗೂ ಕರೆದೊಯ್ದಿದ್ದೆ. ಬಾಗಿಲಲ್ಲೇ ನಿನ್ನನ್ನು ತಡೆದು, ಕೈಗವಸು ಹಾಕಿಸಿ, ಏನನ್ನೂ ಮುಟ್ಟಬೇಡ ಎಂದೆ. ನೀನು ಯಾಕೆ ಎಂದೆ. ಚಿಕ್ಕಂದಿನಲ್ಲಿ ಎಲ್ಲದಕ್ಕೂ "ಯಾಕಮ್ಮ, ಯಾಕಮ್ಮ" ಎಂದು ಪೀಡಿಸಿ ಯಾಕಮ್ಮ ಎಂದೇ ಹೆಸರು ಪಡೆದ ನನಗೆ, ನೀನು ಯಾಕೆ ಎಂದು ಕೇಳಿದ್ದು ಅದೇ ಮೊದಲು. ನಾನು ಜಂಬದಿಂದ ಉತ್ತರ ಕೊಟ್ಟೆ. ನಾವು ಕೆಲಸ ಮಾಡುವುದು ಸಣ್ಣ ಆರ್‌ಎನ್‌ಎ ಎಂಬ ವಸ್ತುವಿನ ಮೇಲೆ, ಮನುಷ್ಯರ ಚರ್ಮದಲ್ಲಿ ಆರ್‌ಎನ್‌ಎಯನ್ನು ಕತ್ತರಿಸಿ ಹಾಕುವ ಕಿಣ್ವ ಇರುತ್ತದೆ, ಬರಿಗೈ ತಾಗಿದರೆ ಎಲ್ಲ ಹಾಳು ಎಂದೆ. ನೀನು ನಿನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡೆ.

ಸಣ್ಣ ಆರ್‌ಎನ್‌ಎ ಅಂದರೇನು ಎಂದೂ ನೀನು ಕೇಳಿದ್ದೆ. ಸಸ್ಯದ ಪ್ರತಿ ಜೀವಕೋಶದ ಒಳಗೆ ಏನೇನು ಮಾಡಬೇಕು ಎಂದು ಬರೆದಿಟ್ಟ ದೊಡ್ಡ ಪುಸ್ತಕ ಒಂದಿದೆ. ಅದು ತನ್ನ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಸಾಲನ್ನು ಚೀಟಿಯ ಮೇಲೆ ನಕಲು ಮಾಡಿ ಹೊರಗೆ ಕಳಿಸುತ್ತದೆ, ಆ ಚೀಟಿ ನೋಡಿಕೊಂಡು ಹೊರಗೆ ಕೆಲಸ ನಡೆಯುತ್ತದೆ. ಸಣ್ಣ ಆರ್‌ಎನ್‌ಎ ಎನ್ನುವುದು ಇಪ್ಪತ್ತೊಂದು ಅಕ್ಷರದಷ್ಟೇ ಉದ್ದದ ಒಂದು ತುಣುಕು. ತಾನಾಗಿ ಅದು ಏನನ್ನೂ ಕಟ್ಟುವುದಿಲ್ಲ. ತನ್ನ ಅಕ್ಷರಗಳಿಗೆ ಜೋಡಿಯಾಗುವ ಚೀಟಿಯನ್ನು ಹುಡುಕಿ ಹರಿದು ಹಾಕುತ್ತದೆ, ಇಲ್ಲವೇ ಯಾರೂ ಓದದ ಹಾಗೆ ಅದರ ಮೇಲೆ ಕೂತುಬಿಡುತ್ತದೆ. ನೀರು ಕಡಿಮೆಯಾದಾಗ, ಬಿಸಿಲು ಹೆಚ್ಚಾದಾಗ ಇವುಗಳಲ್ಲಿ ಕೆಲವು ಹೆಚ್ಚಾಗಿ "ಎಲೆ ಬೆಳೆಸು, ಕಾಂಡ ಏರಿಸು" ಎನ್ನುವ ಚೀಟಿಗಳನ್ನು ತಡೆಯುತ್ತವೆ. ಇನ್ನು ಕೆಲವು ಕಡಿಮೆಯಾಗಿ, ಗಿಡವನ್ನು ಕಾಪಾಡುವ ಚೀಟಿಗಳಿಗೆ ದಾರಿ ಬಿಡುತ್ತವೆ. ಇಷ್ಟನ್ನು ನಾನು ಕೈ ಆಡಿಸಿಕೊಂಡು ಅರ್ಧ ಗಂಟೆ ಹೇಳಿದೆ. ನೀನು ಕೇಳಿಸಿಕೊಂಡು, "ಅಂದ್ರೆ, ಸಾಕು ಅನ್ನೋ ಕೆಲಸ. ಸಾಕು ಅನ್ನೋರು ಒಬ್ರು ಬೇಕೇ ಬೇಕು ಕಣೇ. ಇಲ್ದಿದ್ರೆ ಸಸಿ ಏರ್ತಾನೇ ಹೋಗುತ್ತೆ, ಗಟ್ಟಿಯಾಗಲ್ಲ" ಎಂದೆ. ನನ್ನ ಐದು ವರ್ಷದ ಪ್ರಬಂಧ ಒಂದು ಉಸಿರಿನಲ್ಲಿ ಮುಗಿದಿತ್ತು.

ಆಮೇಲೆ ಗಾಜಿನ ಮನೆಗೆ ಹೋದೆವು. ಟ್ರೇಗಳಲ್ಲಿ ಎರಡೆಲೆಯ ಟೊಮೆಟೊ ಸಸಿಗಳು, ಕೆಂಪು ಲೇಬಲ್ಲಿನವೂ ಬಿಳಿ ಲೇಬಲ್ಲಿನವೂ ಕಲಸಿಹೋಗಿದ್ದವು. ಬೆಳಕು, ಗಾಳಿ ಎರಡಕ್ಕೂ ಸಮನಾಗಿ ಸಿಗಲಿ ಎಂದು ಬೇಕೆಂದೇ ಹಾಗೆ ಇಟ್ಟಿದ್ದೆವು. ಕೆಂಪಿನವುಗಳಲ್ಲಿ ಒಂದು ಸಣ್ಣ ಆರ್‌ಎನ್‌ಎ ಹೆಚ್ಚಾಗುವಂತೆ ನಾನು ಮಾಡಿದ್ದೆ. ಬಿಳಿಯವು ಮಾಮೂಲಿ ಸಸಿಗಳು, ಹೋಲಿಸಿ ನೋಡುವುದಕ್ಕೆ. ನಿನಗೆ ಇಷ್ಟು ಹೇಳುವ ಬದಲು, ಅರ್ಧ ಗಂಟೆ ಮಾತಾಡಿ ದಣಿದಿದ್ದ ನಾನು ಬೆರಳು ತೋರಿಸಿ, "ಕೆಂಪಿಂದು ನಂದು, ಬಿಳೀದು ನಂದಲ್ಲ" ಎಂದುಬಿಟ್ಟೆ.

ಅಲ್ಲೇ ಎಡವಿದ್ದು. ಬೇರೆ ಯಾರಾದರೂ ಆಗಿದ್ದರೆ ಎಲ್ಲ ಸಸಿಗಳನ್ನೂ ಮುಟ್ಟುತ್ತಿದ್ದರು, ಇಲ್ಲವೇ ಯಾವುದನ್ನೂ ಮುಟ್ಟುತ್ತಿರಲಿಲ್ಲ. ನೀನು ನರ್ಸರಿಯವಳು. ಬೇರೆಯವರ ಸಸಿಗೆ ಕೈ ಹಾಕಬಾರದು, ತನ್ನದನ್ನು ಸವರದೆ ಬಿಡಬಾರದು ಎನ್ನುವುದು ನಿನ್ನ ಕಸುಬಿನ ನೇಮ. ಇಪ್ಪತ್ತೊಂದು ಬೆಳಿಗ್ಗೆ ನೀನು ಆ ಟ್ರೇಗಳ ನಡುವೆ ಹೋಗಿ, ಮಗಳ ಕೆಂಪು ಸಸಿಗಳನ್ನಷ್ಟೇ ಹುಡುಕಿ ಹುಡುಕಿ ತಲೆ ಸವರಿದೆ. ಬಿಳಿಯವನ್ನು ಸೋಂಕದೆ ದಾಟಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಿನಗೆ ಹೆಗ್ಗಣದ ಸಸಿಗಳೂ ಮುದ್ದಾದವು.

ನೀನು ಊರಿಗೆ ಹೋದ ಮೇಲೆ ನಾವು ನೀರು ನಿಲ್ಲಿಸಿದೆವು. ಬಿಳಿಯವು ಆರನೇ ದಿನಕ್ಕೆ ಬಾಡಿ ಟ್ರೇ ಮೇಲೆ ಮಲಗಿದವು. ಕೆಂಪಿನವು ಗಿಡ್ಡಗೆ, ದಪ್ಪ ಕಾಂಡದ ಮೇಲೆ ಹತ್ತನೇ ದಿನವೂ ನಿಂತಿದ್ದವು. ಅಮ್ಮಾ, ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಒಂದೇ ಒಂದು ಸಣ್ಣ ಆರ್‌ಎನ್‌ಎ ಹೆಚ್ಚಿಸಿದರೆ ಟೊಮೆಟೊ ಬರವನ್ನು ತಾಳುತ್ತದೆ ಎಂದು ಎಲ್ಲರ ಮುಂದೆ ಚಿತ್ರ ಹಾಕಿ ತೋರಿಸಿದೆ. ನಮ್ಮ ಗೈಡ್ ಮೇಡಮ್, ಹೊಗಳಿಕೆಯನ್ನು ಕಣ್ಣಿಗೆ ಬಿಡುವ ಔಷಧಿಯ ಹಾಗೆ ಒಂದೊಂದೇ ಹನಿ ಕೊಡುವವರು, ಅವತ್ತು ಎರಡು ಹನಿ ಕೊಟ್ಟರು. ಲೇಖನ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದೆವು. ಅದು ಅಚ್ಚಾದರೆ ನನ್ನ ಡಾಕ್ಟರೇಟು ಮುಗಿದಂತೆಯೇ ಇತ್ತು.

ಪತ್ರಿಕೆಯವರು ಒಂದು ಸುತ್ತಿನ ಫಲ ಸಾಲದು, ಇನ್ನೊಮ್ಮೆ ಬೆಳೆಸಿ ತೋರಿಸಿ ಎಂದರು. ಅದೇನು ಮಹಾ ಎಂದು ಮತ್ತೆ ಬೀಜ ಹಾಕಿದೆ. ಈ ಸಲ ಕೆಂಪು ಬಿಳಿ ಎರಡೂ ಒಂದೇ ಎತ್ತರಕ್ಕೆ ಬೆಳೆದವು, ಒಂದೇ ದಿನ ಬಾಡಿದವು. ಮೂರು ವಾರ ನಾನು ಹುಡುಕದ ಜಾಗವಿಲ್ಲ. ಮಣ್ಣು ನೋಡಿದೆ, ನೀರು ನೋಡಿದೆ, ದೀಪಗಳನ್ನು ಒಂದೊಂದಾಗಿ ಅಳೆದೆ, ಬೀಜದ ಪೊಟ್ಟಣ ಬದಲಾಯಿತೇ ಎಂದು ಎಲ್ಲರನ್ನೂ ಪೊಲೀಸರ ಹಾಗೆ ವಿಚಾರಿಸಿದೆ.

ಕೊನೆಗೆ ಪೈಪು ಮಾವ ಬಾಯಿಬಿಟ್ಟರು. ಗಾಜಿನ ಮನೆ ನೋಡಿಕೊಳ್ಳುವ, ಹೆಗಲಿಂದ ನೀರಿನ ಪೈಪು ಇಳಿಸದ ಅವರು ನಿನಗೆ ನೆನಪಿರಬೇಕು. ಅವತ್ತು ಮೇಡಮ್ ಕೂಡ ಅಲ್ಲೇ ಇದ್ದರು. "ಅಮ್ಮ ಇನ್ನೊಂದ್ಸಲ ಬರಲ್ವಾ? ಅವ್ರಿದ್ದಾಗ ಗಿಡ ಗಟ್ಟಿಮುಟ್ಟಾಗಿದ್ವಪ್ಪ. ದಿನಾ ಕೆಂಪು ಲೇಬಲ್ಲಿನ ಗಿಡಗಳ ತಲೆ ಸವರ್ತಿದ್ರು" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೆಚ್ಚಿಬಿದ್ದೆ. ಮೇಡಮ್ ನನ್ನ ಮುಖ ನೋಡಿದರು. ನಾನು ಅಲ್ಲಿಂದಲೇ ನಿನಗೆ ಫೋನು ಮಾಡಿದೆ.

ಆ ಫೋನಿನ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದು ನನಗೆ ಕಷ್ಟ, ಆದರೆ ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. "ಮುಟ್ಟು ಅಂತ ನಿನಗೆ ಯಾರು ಹೇಳಿದ್ರು? ಇದೇನು ನಿನ್ನ ನರ್ಸರಿನಾ? ನೀನು ಕೈ ಇಟ್ಟಿದ್ದೆಲ್ಲ ಹಾಳಾಯ್ತು" ಎಂದೆ. ಪಕ್ಕದಲ್ಲಿ ಮೇಡಮ್, ಆಚೆ ಪೈಪು ಮಾವ. ನೀನು, "ತಪ್ಪಾಯ್ತು ಕಣೇ, ನನಗೆ ತಿಳೀಲಿಲ್ಲ" ಎಂದು ಫೋನಿಟ್ಟೆ. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ನೀನೇ ನನಗೆ ಕಾಪಿ ಬರೆಸಿದ್ದೆ. ಅಕ್ಷರ ದುಂಡಗಾಯಿತೇ ಹೊರತು ಬುದ್ಧಿ ಬರಲಿಲ್ಲ.

ಮೇಡಮ್ ಸಿಟ್ಟಾಗಲಿಲ್ಲ. ಲೇಖನ ವಾಪಸು ತೆಗೆದುಕೊಳ್ಳೋಣ, ಸದ್ಯ ಅಚ್ಚಾಗುವ ಮುಂಚೆ ಗೊತ್ತಾಯಿತು ಎಂದರು. ಪತ್ರಿಕೆಗೆ ನಾಲ್ಕು ಸಾಲಿನ ಪತ್ರ ನನ್ನ ಕೈಯಿಂದಲೇ ಬರೆಸಿದರು. ಎದ್ದು ಹೋಗುವಾಗ ಒಂದು ಮಾತು ಹೇಳಿದರು. "ನಿಮ್ಮ ತಾಯಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ಯಾರು?" ಎಂದರು. ನಾನು ತಲೆ ತಗ್ಗಿಸಿಕೊಂಡು, ನಾನೇ ಸರಿಯಾಗಿ ಎಚ್ಚರಿಕೆ ಹೇಳಬೇಕಿತ್ತು ಎಂದೆ. ಅವರು ಅಷ್ಟಕ್ಕೇ ಬಿಟ್ಟರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಎರಡು ಸಲ ಓದು.

ಕಳೆದ ನಾಲ್ಕು ತಿಂಗಳು ನಾನು ಸಸಿಗಳನ್ನು ನಾಲ್ಕು ಪಾಲು ಮಾಡಿ ಬೆಳೆಸಿದೆ. ಕೆಂಪಿನಲ್ಲಿ ಅರ್ಧ ಸವರಿದ್ದು, ಅರ್ಧ ಸವರದ್ದು. ಬಿಳಿಯಲ್ಲೂ ಹಾಗೆಯೇ. ಸವರುವ ಕೆಲಸವನ್ನು ಮೊದಲು ಪೈಪು ಮಾವ ವಹಿಸಿಕೊಂಡರು. ಅವರದು ನೀರಿನ ಪೈಪು ಹಿಡಿದ ಕೈ, ಮೊದಲ ದಿನವೇ ಮೂರು ಸಸಿಗಳ ಕತ್ತು ಮುರಿಯಿತು. ಆಮೇಲೆ ನಾನೇ ಮಾಡಿದೆ. ನಿನ್ನ ಹಾಗೆ ಬರಲಿಲ್ಲ, ಒಂದು ದಿನ ಜೋರಾಯಿತು, ಒಂದು ದಿನ ಗಡಿಬಿಡಿಯಾಯಿತು. ಆದರೂ ಫಲ ಅಂಗೈ ಹುಣ್ಣಿನಷ್ಟು ಸ್ಪಷ್ಟವಾಗಿತ್ತು, ಕನ್ನಡಿ ಬೇಕಾಗಲಿಲ್ಲ. ಸವರಿದ ಸಸಿಗಳು, ಕೆಂಪಾಗಲಿ ಬಿಳಿಯಾಗಲಿ, ಗಿಡ್ಡಗೆ ಗಟ್ಟಿಯಾಗಿ ಬೆಳೆದವು. ನೀರು ನಿಲ್ಲಿಸಿದಾಗ ಮೂರು ದಿನ ಹೆಚ್ಚು ತಾಳಿದವು. ಸವರದ ಕೆಂಪು ಸಸಿಗಳಿಗೂ ಸವರದ ಬಿಳಿಯವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಅಂದರೆ ನಾನು ಐದು ವರ್ಷ ಕಷ್ಟಪಟ್ಟು ಒಳಗೆ ಸೇರಿಸಿದ್ದು ಒಂಟಿಯಾಗಿ ದೊಡ್ಡ ಕೆಲಸವನ್ನೇನೂ ಮಾಡುತ್ತಿರಲಿಲ್ಲ. ನನ್ನ ಡಾಕ್ಟರೇಟು ಒಂದು ವರ್ಷ ಮುಂದೆ ಹೋಗಿದೆ.

ಆದರೆ ಕೇಳು. ಸವರಿದ ಬಿಳಿ ಸಸಿಗಳ ಎಲೆಯನ್ನು ಹೆಪ್ಪುಗಟ್ಟಿಸಿ, ಅರೆದು, ಒಳಗಿನ ಸಣ್ಣ ಆರ್‌ಎನ್‌ಎಗಳನ್ನು ಎಣಿಸಿದೆ. ನಾನು ಕೆಂಪಿಗೆ ಸೇರಿಸಿದ್ದ ಅದೇ ಸಣ್ಣ ಆರ್‌ಎನ್‌ಎ ಬಿಳಿಯದರಲ್ಲಿ ತಾನಾಗಿಯೇ ಎರಡು ಪಾಲು ಹೆಚ್ಚಾಗಿತ್ತು. ಅದೊಂದೇ ಅಲ್ಲ, ಇನ್ನೂ ಹನ್ನೊಂದು ಬದಲಾಗಿದ್ದವು, ಕೆಲವು ಏರಿದ್ದವು, ಕೆಲವು ಇಳಿದಿದ್ದವು. ಕೈ ತಾಗಿದ್ದನ್ನು ಗಿಡ ಗಾಳಿಯೋ, ಯಾವುದೋ ಪ್ರಾಣಿಯೋ ಎಂದು ತಿಳಿಯುತ್ತದೆಯೋ ಏನೋ. ಮುಂದೆ ಕಷ್ಟಕಾಲ ಇದೆ, ಏರುವುದು ಸಾಕು, ಬುಡ ಗಟ್ಟಿಮಾಡು ಎಂದು ತನಗೆ ತಾನೇ ಹೇಳಿಕೊಳ್ಳುತ್ತದೆ. ಒಬ್ಬರು ಸಾಕು ಎಂದರೆ ಕೇಳದ ಗಿಡ, ಹನ್ನೆರಡು ಜನ ಒಟ್ಟಿಗೆ ಹೇಳಿದರೆ ಕೇಳುತ್ತದೆ. ಆ ಹನ್ನೆರಡನ್ನೂ ಎಬ್ಬಿಸಿದ್ದು ನಿನ್ನ ಅಂಗೈ.

ಬರಿಗೈ ತಾಗಿದರೆ ಎಲ್ಲ ಹಾಳು ಎಂದು ನಾನು ಹೇಳಿದ್ದು ಗಾಜಿನ ಕೊಳವೆಯಲ್ಲಿ ಬತ್ತಲೆಯಾಗಿರುವ ಆರ್‌ಎನ್‌ಎಗೆ ಮಾತ್ರ ನಿಜ. ಎಲೆಯ ಒಳಗೆ ಕೂತಿರುವ ಆರ್‌ಎನ್‌ಎಗೆ ನಿನ್ನ ಕೈಯಿಂದ ಏನೂ ಆಗುವುದಿಲ್ಲ. ನಿನ್ನ ಕೈ ಏನನ್ನೂ ಹಾಳು ಮಾಡಿಲ್ಲ. ಹಾಳಾದದ್ದು ನನ್ನ ಲೇಖನ, ಅದನ್ನು ಹಾಳು ಮಾಡಿದ್ದು ಕೈಯಲ್ಲ. ಇದನ್ನು ಓದಿದ ಮಾರನೇ ಬೆಳಿಗ್ಗೆ ಎದ್ದ ಕೂಡಲೇ ಉಳಿದ ಟ್ರೇಗಳ ಹತ್ತಿರ ಹೋಗು. ಉದ್ದವಾದವು ಇನ್ನು ಗಿಡ್ಡವಾಗುವುದಿಲ್ಲ, ಆದರೆ ಹೊಸದಾಗಿ ಮೊಳೆತವು ಕಾಯುತ್ತಿರುತ್ತವೆ. ವ್ಯಾನಿನವರ ಬಾಯಿ ಮುಂದಿನ ಸಲ ಅವೇ ಮುಚ್ಚಿಸುತ್ತವೆ.

ಇನ್ನೊಂದು ಕೋರಿಕೆ. ಮೇಡಮ್ ಹೊಸ ಲೇಖನ ಬರೆಯಬೇಕು ಎನ್ನುತ್ತಿದ್ದಾರೆ. ಅದರಲ್ಲಿ ವಿಧಾನ ಎಂಬ ಭಾಗವಿರುತ್ತದೆ, ಬೇರೆಯವರು ಓದಿ ಹಾಗೆಯೇ ಮಾಡುವಂತಿರಬೇಕು. ನನ್ನ ವಿಧಾನದಲ್ಲಿ ದಿನಕ್ಕೊಂದು ಥರ ಕೈ ಬಿದ್ದಿದೆ. ಎಷ್ಟು ಸಲ ಸವರುತ್ತೀಯ, ಎಷ್ಟು ಒತ್ತುತ್ತೀಯ, ಎಲೆ ಒದ್ದೆಯಿದ್ದಾಗ ಯಾಕೆ ಮುಟ್ಟುವುದಿಲ್ಲ, ಎಷ್ಟು ಎಲೆ ಬಂದ ಮೇಲೆ ಶುರು, ಯಾವಾಗ ನಿಲ್ಲಿಸುತ್ತೀಯ, ಇದೆಲ್ಲ ನನಗೆ ಬೇಕು. ಬೀಜದ ಪೊಟ್ಟಣದ ಹಿಂದೆ ನೀನು ಲೆಕ್ಕ ಬರೆಯುತ್ತೀಯಲ್ಲ, ಹಾಗೆಯೇ ಬರೆದು ಕಳಿಸಿದರೂ ಸರಿ. ನೀನೇ ಬಂದು ಒಂದು ಸುತ್ತು ಸವರಿ ತೋರಿಸಿದರೆ ಇನ್ನೂ ಸರಿ. ಸ್ಟೂಲು ಅಲ್ಲೇ ಇದೆ, ಈ ಸಲ ನೀನು ಕೂತುಕೋ, ನಾನು ನಿಲ್ಲುತ್ತೇನೆ. ಪೈಪು ಮಾವ ದಿನಾ ಕೇಳುತ್ತಾರೆ. ಪುಸ್ತಕ ಮಾತ್ರ ಜೋಡಿಸಬೇಡ.

ತಪ್ಪಾಯಿತು ಅಮ್ಮಾ. ಅವತ್ತು ನೀನು ಹೇಳಬೇಕಾದ ಮಾತಲ್ಲ ಅದು, ನನ್ನದು. ನಿನ್ನ ಬಾಯಿಂದ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಇಂತಿ,
ನಿನ್ನ ಕೈಯಲ್ಲಿ ಬೆಳೆದ
ಯಾಕಮ್ಮ

ಮರೆತು ಬಿಟ್ಟದ್ದು: ಮರೆತಿರಲಿಲ್ಲ ಅಮ್ಮಾ, ಬರೆಯಲು ಕೈ ಏಳಲಿಲ್ಲ. ಸಹಿ ಹಾಕಿದ ಮೇಲೆ ಒಂದು ಗಂಟೆ ಕೂತಿದ್ದು ಇದನ್ನು ಬರೆಯುತ್ತಿದ್ದೇನೆ.

ಪೈಪು ಮಾವ ಹೇಳುವ ತನಕ ನನಗೆ ತಿಳಿದಿರಲಿಲ್ಲ ಎಂದು ನೀನೂ ನಂಬಿದ್ದೀಯ, ಮೇಡಮ್ ಕೂಡ ನಂಬಿದ್ದಾರೆ. ಅದು ಸುಳ್ಳು. ನೀನು ಬಂದ ಮೂರನೇ ಬೆಳಿಗ್ಗೆಯೇ ನಾನು ನೋಡಿದ್ದೆ. ಸ್ಟೂಲಿನ ಮೇಲೆ ಕೂತಿದ್ದವಳು ಗಾಜಿಗೆ ಕಟ್ಟಿದ್ದ ಹನಿ ಒರೆಸಿ ಒಳಗೆ ನೋಡಿದೆ. ನೀನು ಬಗ್ಗಿ ಒಂದೊಂದೇ ಕೆಂಪು ಲೇಬಲ್ ಹುಡುಕಿ ಸವರುತ್ತಿದ್ದೆ, ಚಿಕ್ಕಂದಿನಲ್ಲಿ ಮಲಗಿದ್ದ ನಮ್ಮಿಬ್ಬರ ತಲೆ ಸವರಿ ಎಬ್ಬಿಸುತ್ತಿದ್ದ ಹಾಗೆ. ಮುಟ್ಟಿದರೆ ಗಿಡದ ಬೆಳವಣಿಗೆ ಬದಲಾಗುತ್ತದೆ ಎಂದು ನಾನು ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬೇಡಮ್ಮಾ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಇನ್ನೊಂದು ದಿನ ನೋಡೋಣ ಎನ್ನಿಸಿತು. ಮಾರನೇ ದಿನವೂ ಹಾಗೇ ಎನ್ನಿಸಿತು. ನೀನು ಹೊರಗೆ ಬಂದು ಟೊಮೆಟೊ ಎಲೆ ವಾಸನೆಯ ಆ ಕೈಯಿಂದಲೇ ನನ್ನ ತಲೆಯನ್ನೂ ಒಮ್ಮೆ ಸವರುತ್ತಿದ್ದೆ. ಅದು ನಿಂತುಹೋಗುವುದು ನನಗೆ ಬೇಕಿರಲಿಲ್ಲ.

ಫಲ ಬಂದಾಗ ಅದು ನೆನಪಾಯಿತು. ನೆನಪಾಗಲಿಲ್ಲ ಎಂದುಕೊಂಡೆ. ಪೈಪು ಮಾವ ಬಾಯಿಬಿಟ್ಟ ದಿನ, ನನ್ನ ಮೇಲೆ ಬರಬೇಕಾದದ್ದನ್ನು ಮೇಡಮ್ ಎದುರಿಗೇ ನಿನ್ನ ಮೇಲೆ ಹಾಕಿದೆ. ನಾಳೆ ಹತ್ತು ಗಂಟೆಗೆ ಅವರ ಕೋಣೆಗೆ ಹೋಗಿ ಇಷ್ಟನ್ನೂ ಹೇಳುತ್ತೇನೆ. ಅವರು ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದು. ನೀನು ನನ್ನನ್ನು ಕೈಬಿಡುವುದಿಲ್ಲ ಎಂದು ಗೊತ್ತಿದ್ದೂ, ನಿನಗೆ ಹೇಳುವುದಕ್ಕೆ ಐದು ತಿಂಗಳು ಬೇಕಾಯಿತು.